ಮುದನೂರಿನ ನೇಕಾರ ಶರಣರು: ಜೇಡರ ದಾಸಿಮಯ್ಯನವರು

ವಚನ ಸಾಹಿತ್ಯವೆಂದೊಡನೆ ನಮ್ಮ ಮನಸ್ಸು 12ನೆಯ ಶತಮಾನದ ಕಲ್ಯಾಣದತ್ತ ಹರಿಯುವುದು ಸಹಜ. ಆದರೆ ಬಸವಣ್ಣನವರಿಗೂ ಮೊದಲೇ, ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರರೊಬ್ಬರು ಮಗ್ಗದ ಬದುಕಿನಿಂದಲೇ ವಚನಗಳನ್ನು ಹೊರತಂದರು. ಅವರೇ ಜೇಡರ ದಾಸಿಮಯ್ಯನವರು. ಜೇಡನೆಂದರೆ ನೇಕಾರ, ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಕಿರುಜೀವಿಗೂ ಅದೇ ಹೆಸರಿರುವುದು ಎಷ್ಟು ಸೊಗಸು! ವಿದ್ವಾಂಸರು ಸಾಮಾನ್ಯವಾಗಿ ಅವರನ್ನು 11ನೆಯ ಶತಮಾನದವರೆಂದು ಎಣಿಸುತ್ತಾರೆ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಎಂಬವರು ಒಬ್ಬರೋ ಇಬ್ಬರೋ ಎಂಬ ಚರ್ಚೆಯೂ ಉಂಟು. ಆ ವಾದವನ್ನು ಪಂಡಿತರಿಗೆ ಬಿಟ್ಟು, ಮಗ್ಗದವರಾದ ವಚನಕಾರರನ್ನು ಮಾತ್ರ ಇಲ್ಲಿ ನೆನೆಯೋಣ.

ಪರಂಪರೆ ಹೇಳುವಂತೆ, ದಾಸಿಮಯ್ಯನವರು ಮೊದಲು ಅಡವಿಯನ್ನು ಸೇರಿ ಉಗ್ರ ತಪಸ್ಸಿಗೆ ತೊಡಗಿದರು. ದೇಹವನ್ನು ದಂಡಿಸುವುದು ಬೇಡ, ಲೋಕದಲ್ಲಿದ್ದು ದುಡಿದು ಬಾಳು ಎಂಬುದು ಅಲ್ಲಿ ಅವರಿಗೆ ಶಿವನಿಂದಾದ ಅಪ್ಪಣೆ. ಅವರು ಊರಿಗೆ ಮರಳಿ ಮಗ್ಗವನ್ನು ಹಿಡಿದರು. ಅಡವಿಯಲ್ಲಿಯೇ ಉಳಿದಿದ್ದರೆ ನಮಗೆ ಒಬ್ಬ ತಪಸ್ವಿ ದೊರೆಯುತ್ತಿದ್ದರೇನೋ. ಈ ವಚನಕಾರರು ದೊರೆಯುತ್ತಿರಲಿಲ್ಲ.

ಊರ ದೈವವಾದ ರಾಮನಾಥನೇ ಅವರ ಅಂಕಿತ. ವಚನಗಳು ಬಹುಮಟ್ಟಿಗೆ ಕಿರಿದು. ಬಂಡಿಯ ಕಡೆಗೀಲು, ಹಾಲಿನೊಳಗಣ ತುಪ್ಪ, ಮರದೊಳಗಣ ಬೆಂಕಿ, ಬೆಳೆದ ಪೈರು, ಸುಳಿವ ಗಾಳಿ ಇವೇ ಅವರ ಸಾಮಗ್ರಿ. ನೇಯ್ಗೆಯನ್ನು ಕುರಿತ ಒಂದು ವಚನವಂತೂ ಕಸುಬಿನ ಪರಿಭಾಷೆಯಿಂದಲೇ ತುಂಬಿದೆ. ಹಾಸನ್ನು ಸರಿಪಡಿಸುವುದು, ಲಾಳಿ ಆಡುವುದು, ಅದರೊಳಗಿನ ಕಂಡಿಕೆ ತೀರುವುದು ಎಲ್ಲವೂ ಅಲ್ಲಿವೆ. ಕೊನೆಗೆ ಈ ಸೀರೆಯನ್ನು ನೇಯ್ದವರು ತಾವೋ ರಾಮನಾಥನೋ ಎಂದು ಅವರು ದೇವರನ್ನೇ ಕೇಳುತ್ತಾರೆ. ನಮ್ಮ ದಂಡು ಪ್ರದೇಶದ, ಹಲಸೂರಿನ ಮಕ್ಕಳು ಬಟ್ಟೆಯನ್ನು ಕಾಣುವುದು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ. ಮಗ್ಗವನ್ನು ಕಂಡವರು ವಿರಳ. ಹಾಸು ಎಂದರೆ ಉದ್ದನೆಯ ಎಳೆ, ಹೊಕ್ಕು ಎಂದರೆ ಅಡ್ಡಲಾಗಿ ಹಾಯುವ ಎಳೆ ಎಂಬುದನ್ನಾದರೂ ಅಧ್ಯಾಪಕರು ಮೊದಲು ತಿಳಿಸಿಕೊಡದಿದ್ದರೆ ಈ ವಚನ ಬರಿಯ ಒಗಟಾಗಿ ಉಳಿದೀತು.

ಈ ಕಾಯಕದಲ್ಲಿ ಪತ್ನಿ ದುಗ್ಗಳೆಯವರು ಸಮಭಾಗಿಗಳು, ಅವರೂ ವಚನಕಾರ್ತಿಯರು. ಸತಿಪತಿಗಳ ಭಕ್ತಿ ಒಂದಾದಾಗಲೇ ಅದು ಶಿವನಿಗೆ ಪ್ರಿಯವೆಂದು ದಾಸಿಮಯ್ಯನವರು ಸಾರಿದುದು ಈ ಮನೆಯ ಅನುಭವದಿಂದಲೇ ಇರಬೇಕು. ಹೆಣ್ಣು ಗಂಡೆಂಬ ಭೇದ ಒಡಲಿನ ಹೊರ ಗುರುತುಗಳಿಗಷ್ಟೇ ಸೇರಿದ್ದು, ಒಳಗಿರುವ ಆತ್ಮಕ್ಕೆ ಸಲ್ಲದು ಎಂದವರೂ ಅವರೇ.

ಅವರು ನೇಯ್ದ ವಸ್ತ್ರದ ಕಥೆ ಎಲ್ಲರಿಗೂ ಪರಿಚಿತ. ಬಹುಕಾಲ ಶ್ರಮಿಸಿ ನೇಯ್ದ ಬಟ್ಟೆಯನ್ನು ಅವರು ಸಂತೆಗೆ ಒಯ್ದರು, ಕೊಳ್ಳುವವರು ದೊರೆಯಲಿಲ್ಲ. ದಾರಿಯಲ್ಲಿ ಜಂಗಮನೊಬ್ಬನು ಅದನ್ನು ಬೇಡಿ ಪಡೆದು, ಅವರ ಕಣ್ಣೆದುರಿಗೇ ಹರಿದು ಚೂರುಮಾಡಿದನು. ದಾಸಿಮಯ್ಯನವರು ಕೋಪಗೊಳ್ಳಲಿಲ್ಲ. ಜಂಗಮರೂಪದ ಶಿವನು ಮೆಚ್ಚಿ, ಎಂದೂ ಬರಿದಾಗದ ತವನಿಧಿಯನ್ನು ದಯಪಾಲಿಸಿದನೆಂದು ಕಥೆ ಮುಗಿಯುತ್ತದೆ. ತವನಿಧಿಯ ಪವಾಡಕ್ಕಿಂತ ಆ ಹರಿದ ಬಟ್ಟೆಯೇ ನನ್ನ ಮನಸ್ಸನ್ನು ಹೆಚ್ಚು ಕಾಡುತ್ತದೆ. ಕೈಕಸುಬಿನವರಿಗೆ ಅದು ಬಟ್ಟೆಯಲ್ಲ, ಕಳೆದುಹೋದ ದಿನಗಳು.

ಮುಂದೆ ಬಸವಣ್ಣನವರೂ ತಮ್ಮ ವಚನಗಳಲ್ಲಿ ಈ ವಸ್ತ್ರದಾನವನ್ನು ನೆನೆದರು. 1973ರಲ್ಲಿ ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದ ವಚನ ಸಂಕಲನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರ ಜೊತೆಗೆ ನಾಲ್ಕನೆಯವರಾಗಿ ಮುದನೂರಿನ ಈ ನೇಕಾರರೂ ಕುಳಿತಿದ್ದಾರೆ.