ಪದವಿ ಬಿಟ್ಟರೂ ಕುಂದದ ಮನ್ನಣೆ

ಯಮುನೆಯ ನೀರನ್ನು ಓಖ್ಲಾದ ಅಣೆಯಿಂದ ತಿರುಗಿಸುವ ಆಗ್ರಾ ಕಾಲುವೆ 1874ರಲ್ಲಿ ತೆರೆದಾಗ, ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇನ್ನೂ ಬಾಲಕರು. ಆದರೂ ಆ ಅಣೆಯ ಬಳಿ ನಿಂತ ಕನ್ನಡಿಗನಿಗೆ ಅವರ ನೆನಪಾಗುವುದು ಸಹಜ. ನದಿಯನ್ನು ಪಳಗಿಸುವ ವಿದ್ಯೆಯಲ್ಲಿ ಮುಂದೆ ಭಾರತವೇ ಅವರ ಸಲಹೆಯನ್ನು ಅರಸಿತು.

ಮುಂಬಯಿ ಸರಕಾರದಲ್ಲಿ 1884ರಿಂದ ದುಡಿದು, ಖಡಕವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರಚಿಸಿ ಹೆಸರಾದ ಅವರು, ಭಾರತೀಯನಿಗೆ ಅಲ್ಲಿ ಅತ್ಯುಚ್ಚ ಹುದ್ದೆ ದೊರೆಯುವ ಸಂಭವ ಕಾಣದೆ 1908ರಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಮಡಿದರು. ವಿದೇಶ ಪ್ರವಾಸದಲ್ಲಿದ್ದ ಅವರನ್ನು ನಿಜಾಮ ಸರಕಾರ ಸಲಹೆಗಾರರಾಗಿ ಕರೆಸಿಕೊಂಡಿತು.

1909ರಲ್ಲಿ ಅಲ್ಲಿಗೆ ಬಂದವರು ಅವಸರದ ಅಭಿಪ್ರಾಯ ಹೇಳಲಿಲ್ಲ. ಮೊದಲು ಮಳೆಯ ಅಂಕಿಗಳನ್ನು ಕೂಡಿಸಿದರು; ನದಿಯ ಮೇಲ್ಭಾಗದಲ್ಲಿ ಒಡೆದ ಕೆರೆಗಳ ಲೆಕ್ಕ ತೆಗೆದರು. ನಗರದೊಳಗೆ ದಂಡೆ ಎತ್ತರಿಸಿದರೆ ಸಾಲದು, ನೆರೆಯನ್ನು ಮೇಲೆಯೇ ತಡೆದು ನಿಲ್ಲಿಸಬೇಕೆಂದು ವರದಿಯಿತ್ತರು. ಅದೇ ವರ್ಷ ಮುಖ್ಯ ಇಂಜಿನಿಯರಾಗಿ ಮೈಸೂರಿಗೆ ತೆರಳಿದರು. ಅವರು ಹೋದ ಮೇಲೂ ಯೋಜನೆ ನಿಲ್ಲಲಿಲ್ಲ: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಪ್ರವಾಹ ತಡೆಯಲು ಕಟ್ಟಿದ ಆ ಜಲಾಶಯಗಳೇ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

1918ರಲ್ಲಿ ದಿವಾನಗಿರಿಯನ್ನು ಬಿಟ್ಟ ಮೇಲೂ ಕರೆಗಳು ತಪ್ಪಲಿಲ್ಲ. ತೊಂಬತ್ತು ದಾಟಿದ ವಯಸ್ಸಿನಲ್ಲಿ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೂ ಅವರ ಸಲಹೆ ಬೇಕಾಯಿತು. 1962ರಲ್ಲಿ ಅವರು ಕಾಲವಾದರು.

ಹೋಟೆಲಿನಲ್ಲಾಗಲಿ ಕಚೇರಿಯಲ್ಲಾಗಲಿ, ಪರಊರಿನಲ್ಲಿ ದುಡಿಯುವ ನಮಗೆ ಈ ಜೀವನ ತಿಳಿಸುವುದಿಷ್ಟೇ: ಹುದ್ದೆ ಯಜಮಾನನ ಕೈಯಲ್ಲಿದೆ, ಲೆಕ್ಕ ತಪ್ಪದ ಕೆಲಸ ನಮ್ಮ ಕೈಯಲ್ಲಿದೆ.