ಲೈನ್‌ಗಳ ಲೆಕ್ಕ ಹಾಕಿದ ಎರ್ಲಾಂಗ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಡೇಟಾ ಅಕ್ವಿಸಿಷನ್ ಪ್ರೋಗ್ರಾಂ ಸ್ವಲ್ಪ ಹೊತ್ತು ಚೆನ್ನಾಗೇ ಓಡಿ ನಿಂತುಬಿಡ್ತಿತ್ತು. ಲೂಪ್‌ನ ಪ್ರತಿ ಸುತ್ತಿಗೂ ಬೋರ್ಡ್‌ಗೆ ಹೊಸ ಕನೆಕ್ಷನ್ ಓಪನ್ ಮಾಡ್ತಿದ್ವಿ, ಹಳೇದನ್ನ ಕ್ಲೋಸ್ ಮಾಡ್ತಿರಲಿಲ್ಲ. ಇರೋ ಕನೆಕ್ಷನ್ ಎಷ್ಟಕ್ಕೆ ಸಾಲುತ್ತೆ ಅನ್ನೋ ಲೆಕ್ಕವನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿಟ್ಟವರು ಆಗ್ನರ್ ಕ್ರಾರುಪ್ ಎರ್ಲಾಂಗ್.

ಅವರು ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕ್‌ನ ಲೋನ್‌ಬೋರ್ಗ್ ಹಳ್ಳಿಯಲ್ಲಿ. ಅಪ್ಪ ಸ್ಕೂಲ್ ಮೇಷ್ಟ್ರು. ಮಗನೂ ಗಣಿತ ಓದಿ ಕೆಲವು ವರ್ಷ ಪಾಠ ಮಾಡಿದರು. 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿ ಸೇರಿದರು. ಅಲ್ಲಿದ್ದ ಪ್ರಶ್ನೆ: ಎಲ್ಲರೂ ಹಂಚಿಕೊಳ್ಳೋ ಲೈನ್ ಎಷ್ಟಿರಬೇಕು? ಜಾಸ್ತಿ ಹಾಕಿದ್ರೆ ದುಡ್ಡು ದಂಡ, ಕಮ್ಮಿಯಾದ್ರೆ ಕಾಲ್ ಸಿಗಲ್ಲ.

1917ರಲ್ಲಿ ಅವರ ಸೂತ್ರ ಪ್ರಕಟವಾಯಿತು. ಗಂಟೆಗೆ 60 ಕಾಲ್, ಒಂದೊಂದೂ ಸರಾಸರಿ 3 ನಿಮಿಷ ಅಂದುಕೊಳ್ಳಿ. ಒಟ್ಟು 3 ಗಂಟೆ ಮಾತು. ಹಾಗಂತ 3 ಲೈನ್ ಇಟ್ಟರೆ ಸುಮಾರು ಮೂರರಲ್ಲಿ ಒಂದು ಕಾಲ್ ಸಿಗಲ್ಲ! ನೂರಕ್ಕೆ ಒಂದಕ್ಕಿಂತ ಕಮ್ಮಿ ತಪ್ಪಬೇಕು ಅಂದ್ರೆ 8 ಲೈನ್ ಬೇಕು. ಎಷ್ಟು ಕಾಲ್ ಬರುತ್ತೆ ಅನ್ನೋದಷ್ಟೇ ಅಲ್ಲ, ಒಂದೊಂದೂ ಎಷ್ಟು ಹೊತ್ತು ಲೈನ್ ಹಿಡಿದಿರುತ್ತೆ ಅನ್ನೋದೂ ಮುಖ್ಯ.

ಅವರು ಬರೀ ಮೇಜಿನ ಮುಂದೆ ಕೂತವರಲ್ಲ. ಕೇಬಲ್ ಅಳತೆಗೆ ಏಣಿ ಹೊತ್ತ ಕೆಲಸಗಾರನ ಜೊತೆ ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳೀತಿದ್ರಂತೆ. ಮದುವೆಯಾಗಲಿಲ್ಲ. 1929ರ ಫೆಬ್ರವರಿ 3ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ಟೆಲಿಫೋನ್ ದಟ್ಟಣೆಯ ಅಳತೆಗೆ ಅವರ ಹೆಸರನ್ನೇ ಇಟ್ಟರು.

ಕ್ಲೋಸ್ ಮಾಡದ ಕನೆಕ್ಷನ್ ಅಂದ್ರೆ ಮಾತು ಮುಗಿದರೂ ಕೆಳಗಿಡದ ಫೋನ್. ಅದಕ್ಕೆ ಎಷ್ಟು ಲೈನ್ ಇದ್ರೂ ಸಾಲಲ್ಲ. ಈಗ ನಾವು ಲೂಪ್‌ಗೆ ಮುಂಚೆ ಒಂದೇ ಸಲ ಓಪನ್ ಮಾಡ್ತೀವಿ, ಒಳಗೆಲ್ಲ ಅದೇ ರೆಫರೆನ್ಸ್ ಬಳಸ್ತೀವಿ, ಕೊನೆಗೆ ಮರೀದೆ ಕ್ಲೋಸ್ ಮಾಡ್ತೀವಿ.