ಬೀದಿಯ ಮಕ್ಕಳ ತಾಯಿ: ಜೇನ್ ಆಡಮ್ಸ್

೧೯೩೧ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಜೇನ್ ಆಡಮ್ಸಳ ಹೆಸರನ್ನು ಲೋಕ ಬಲ್ಲದು. ಆದರೆ ಆ ಕೀರ್ತಿಗೆ ಎಷ್ಟೋ ಮೊದಲು, ತನ್ನ ನೆರೆಯ ಹುಡುಗರನ್ನು ಮಾದಕ ವಿಷದಿಂದ ಬಿಡಿಸಲು ಆಕೆ ಹೂಡಿದ ಹೋರಾಟವನ್ನು ನೆನೆಯುವವರು ವಿರಳ.

ಆಕೆ ಹುಟ್ಟಿದುದು ೧೮೬೦ರಲ್ಲಿ, ಅಮೆರಿಕದ ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು; ತಂದೆಯೇ ಆದರ್ಶವಾದನು. ಸಿರಿಯಿತ್ತು, ವಿದ್ಯೆಯಿತ್ತು; ಆದರೂ ಬಾಳಿನ ಗುರಿ ಕಾಣದೆ ಕೆಲವು ವರ್ಷ ತೊಳಲಿದಳು. ಲಂಡನ್ನಿನ ಟಾಯ್ನ್‌ಬಿ ಹಾಲಿನಲ್ಲಿ ವಿದ್ಯಾವಂತರು ಬಡವರ ಕೇರಿಯಲ್ಲಿಯೇ ನೆಲೆಸಿ ಸೇವೆ ಸಲ್ಲಿಸುತ್ತಿದ್ದುದನ್ನು ೧೮೮೮ರಲ್ಲಿ ಕಂಡಾಗ ಆಕೆಗೆ ದಾರಿ ತೋರಿತು. ಮರುವರ್ಷವೇ ಗೆಳತಿ ಎಲೆನ್ ಸ್ಟಾರಳೊಡನೆ ಚಿಕಾಗೋ ನಗರದಲ್ಲಿ ಹಲ್ ಹೌಸನ್ನು ತೆರೆದಳು.

ಅದು ಇಟಲಿ, ಜರ್ಮನಿ, ರಷ್ಯ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗೆ ಬಂದವರ ಕೇರಿ. ಹಿರಿಯರು ದುಡಿಯಲು ಹೋದರೆ ಮಕ್ಕಳಿಗೆ ಬೀದಿಯೇ ಮನೆ. ಆ ಒಂದು ವಾರ್ಡಿನಲ್ಲಿಯೇ ೨೫೦ಕ್ಕೂ ಮಿಕ್ಕ ಮದ್ಯದಂಗಡಿಗಳಿದ್ದವು. ಸಾಲದೆಂಬಂತೆ, ಕೆಲವು ಔಷಧದಂಗಡಿಗಳು ಹುಡುಗರಿಗೂ ಕೊಕೇನ್ ಮಾರುತ್ತಿದ್ದವು.

ಹಲ್ ಹೌಸಿನ ಶಿಶುವಿಹಾರದಲ್ಲಿ ಇಟಲಿಯ ಮನೆತನದ ಒಬ್ಬ ಚೆಲುವ ಬಾಲಕನಿದ್ದನು. ಬೆಳೆದಂತೆ ಅಲ್ಲಿನ ಹುಡುಗರ ಸಂಘಗಳಿಗೂ ಸೇರಿ ಲವಲವಿಕೆಯಿಂದ ಓಡಾಡುತ್ತಿದ್ದನು. ಕೊಕೇನ್ ಅಂಟಿದ ಮೇಲೆ ಆ ಕಳೆಯೆಲ್ಲ ಮೆಲ್ಲಮೆಲ್ಲನೆ ಆರಿತು. ಹದಿನೇಳನೆಯ ವಯಸ್ಸಿಗೇ ಅವನು ಸತ್ತನು. ಶವಪೆಟ್ಟಿಗೆಯಲ್ಲಿದ್ದ ಆ ಬತ್ತಿದ ದೇಹವನ್ನು ಕಂಡಾಗ, ತಾನು ಬಲ್ಲ ಮಗು ಇವನೇ ಎಂದು ಆಕೆಗೆ ನಂಬಲಾಗಲಿಲ್ಲ. ಹಲ್ ಹೌಸಿನ ಅಕ್ಕರೆಯೂ ಅವನನ್ನು ಉಳಿಸಿಕೊಳ್ಳಲಾರದೆ ಹೋಯಿತು.

ಮಾರಾಟವನ್ನು ತಡೆಯಲು ಹಲ್ ಹೌಸಿನವರು ನ್ಯಾಯಾಲಯದ ಮೆಟ್ಟಿಲೇರಿದರು. ಕಾನೂನು ದುರ್ಬಲವಾಗಿದ್ದುದರಿಂದ ಮೊಕದ್ದಮೆಗಳು ಒಂದರ ಮೇಲೊಂದು ಸೋತವು. ಅಂಗಡಿಕಾರರ ಹಗೆ ಬೆಳೆಯಿತು. ಅವರಲ್ಲೊಬ್ಬನು ತನ್ನ ನಾಡಿನವರ ಗುಂಪನ್ನೇ ಕಟ್ಟಿಕೊಂಡು ಬಂದು, ಇದರಲ್ಲಿ ನಿಮಗೇನು ಲಾಭವೆಂದು ಕೇಳಿದನು. ಸ್ವಾರ್ಥವಿಲ್ಲದೆ ಯಾರಾದರೂ ಹೀಗೆ ಹೆಣಗುವರೆಂಬುದು ಅವನ ನಂಬಿಕೆಗೆ ನಿಲುಕದ ಮಾತಾಗಿತ್ತು. ಕಡೆಗೆ ಅನೇಕ ಸಂಸ್ಥೆಗಳು ಕೈಜೋಡಿಸಿದ ಮೇಲೆ, ೧೯೦೭ರಲ್ಲಿ ಹೊಸ ಕಾನೂನು ಬಂದಿತು. ಒಂದು ಮನೆಯಿಂದಾಗದುದನ್ನು ಹಲವರ ಕೂಟ ಸಾಧಿಸಿತು.

ಆದರೆ ಕಾನೂನೊಂದೇ ಸಾಲದೆಂಬುದನ್ನೂ ಆಕೆ ಅರಿತಿದ್ದಳು. ಹರೆಯವು ಸಂತೋಷವನ್ನೂ ಸಾಹಸವನ್ನೂ ಅರಸುವುದು ಸಹಜ. ನಗರವು ಅದನ್ನು ಒದಗಿಸದಿದ್ದರೆ ವ್ಯಾಪಾರಿಯು ವಿಷದ ರೂಪದಲ್ಲಿ ಒದಗಿಸುತ್ತಾನೆ. ತರುಣರನ್ನೂ ನಗರದ ಬೀದಿಗಳನ್ನೂ ಕುರಿತು ೧೯೦೯ರಲ್ಲಿ ಬರೆದ ಗ್ರಂಥದ ತಿರುಳು ಇದೇ. ಆದುದರಿಂದಲೇ ಹಲ್ ಹೌಸಿನ ಬಳಗವು ಆಟದ ಬಯಲನ್ನು ತೆರೆಯಿತು, ನಾಟಕ ಸಂಗೀತಗಳನ್ನು ಕಲಿಸಿತು. ತಪ್ಪಿದ ಮಕ್ಕಳಿಗೆ ಸೆರೆಮನೆಯ ಬದಲು ಬಾಲನ್ಯಾಯಾಲಯ ಬೇಕೆಂದು ಇತರರೊಡನೆ ಶ್ರಮಿಸಿತು. ಅಮೆರಿಕದ ಮೊದಲ ಬಾಲನ್ಯಾಯಾಲಯ ೧೮೯೯ರಲ್ಲಿ ಚಿಕಾಗೋದಲ್ಲಿಯೇ ಸ್ಥಾಪಿತವಾಯಿತು.

೧೯೩೫ರಲ್ಲಿ ಆಕೆ ತೀರಿಕೊಂಡಳು. ಮಕ್ಕಳನ್ನು ವ್ಯಸನದಿಂದ ಕಾಯುವ ಹೊಣೆ ತಾಯಿಯೊಬ್ಬಳದಲ್ಲ, ಗುರುವೊಬ್ಬನದಲ್ಲ, ಪೊಲೀಸರೊಬ್ಬರದೂ ಅಲ್ಲ. ಅದು ಇಡೀ ಕೇರಿಯದು. ಆಕೆಯ ಬಾಳು ಕಲಿಸುವ ಪಾಠ ಇದು.